ಕೆರೆಗೆ ಒಪ್ಪಿದೆ, ಹಾರ ಅವನಿಗೆ ಬಿತ್ತು

ಟೀವಿಯಲ್ಲಿ ರಾಜಕಾರಣಿಗಳು ಚರ್ಚೆಗೆ ಕೂತರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಒಂದು ದಿನವೂ ತಪ್ಪಿಸುವುದಿಲ್ಲ. ಒಬ್ಬರು 'ಇವತ್ತು ಬುಧವಾರ' ಎಂದರೆ ಇನ್ನೊಬ್ಬರು 'ಇಂಥ ಬುಧವಾರ ನಮ್ಮ ಕಾಲದಲ್ಲಿ ಇರಲಿಲ್ಲ' ಎನ್ನುತ್ತಾರೆ. ಎದುರಾಳಿಯ ಮಾತು ನಿಜವೆಂದು ಒಪ್ಪಲೇಬೇಕಾದ ಇಕ್ಕಟ್ಟು ಬಂದರೆ, 'ನಾವೂ ಅದನ್ನೇ ಹೇಳೋಣ ಅಂತಿದ್ವಿ' ಎಂದು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಈ ಮಾತು ಕೇಳಿದಾಗಲಂತೂ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. 'ಸರಿ ಇದ್ದದ್ದನ್ನ ಸರಿ ಅಂದ್ರೆ ಇವರ ಗಂಟೇನು ಹೋಗುತ್ತೆ?' ಎಂದು ಕೂಗಾಡುತ್ತೇನೆ. ಅವರೆಕಾಯಿ ಬಿಡಿಸುತ್ತ ಕೂತ ನನ್ನ ಹೆಂಡತಿ ಜಯಮ್ಮ, 'ಟೀವಿಗೆ ಕಿವಿ ಇಲ್ಲ ಕಣ್ರೀ' ಎನ್ನುತ್ತಾಳೆ.

ನನ್ನ ಈ ಸಿದ್ಧಾಂತಕ್ಕೆ ಪರೀಕ್ಷೆ ಬಂದದ್ದು ನಾನೇ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಾಗ. ಬೂದಿಗೆರೆಯ ಆಚೆಗಿನ ಊರು ನಮ್ಮದು. ಮೂವತ್ತು ವರ್ಷ ಈ ಸುತ್ತಿನಲ್ಲಿ ಕರೆಂಟ್ ಮೀಟರ್ ಓದಿ ರಿಟೈರ್ ಆದವನು ನಾನು. ಎಲ್ಲರಿಗೂ ಮೀಟರ್ ರಾಜಣ್ಣ. ಯಾರ ಮನೆಯ ನಾಯಿಯೂ ನನ್ನನ್ನು ಕಂಡು ಬೊಗಳುವುದಿಲ್ಲ. ನಾಯಿಗಳೇ ಹೀಗಿರುವಾಗ ಮತದಾರರು ಕೈಬಿಟ್ಟಾರೆಯೇ ಎಂದು ನನ್ನ ಧೈರ್ಯ. ನಿಂತದ್ದು ಮಾತ್ರ ಒಂದೇ ಕಾರಣಕ್ಕೆ. ಹೊಸ ಲೇಔಟಿನ ಕೊಳಚೆಯೆಲ್ಲ ಮೋರಿಯಲ್ಲಿ ಹರಿದು ನಮ್ಮ ಕೆರೆಗೆ ಬೀಳುತ್ತಿದೆ. ನಾನು ಈಜು ಕಲಿತ ಕೆರೆ ಅದು. ಈಗ ಎಮ್ಮೆಗಳೂ ದಡದವರೆಗೆ ಹೋಗಿ, ಮೂಸಿ ನೋಡಿ, ವಾಪಸ್ ಬರುತ್ತವೆ. ಅದನ್ನು ನೋಡಿದಾಗಲೆಲ್ಲ ನಿಜವಾಗಿಯೂ ಸಂಕಟವಾಗುತ್ತಿತ್ತು. ನನ್ನ ಎದುರಿಗಿದ್ದವನು ಒಬ್ಬನೇ, ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಮುನಿರಾಜು. 'ಮುನಿರಾಜು ಓಡಾಡಿ ಕೆಲ್ಸ ಮಾಡಿಸೋನು, ಅವನಿಗೇ ಬಿಟ್ಬಿಡಿ. ನೀವು ಜೊತೆಗಿದ್ದು ಅರ್ಜಿ ಗಿರ್ಜಿ ಬರ್ದುಕೊಡಿ' ಎಂದು ಜಯಮ್ಮ ಮೊದಲ ದಿನವೇ ಹೇಳಿದ್ದಳು. ಹೆಂಡತಿ ಹೇಳಿದ್ದನ್ನು ಮೊದಲ ದಿನವೇ ಕೇಳುವ ಅಭ್ಯಾಸ ನನಗಿಲ್ಲ.

ನಾಮಪತ್ರ ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ. ಬೆಳಿಗ್ಗೆ ಹಾಲು ಹಾಕಿ ಬಂದವರೆಲ್ಲ ಕ್ಯಾನು ಹಿಡಿದುಕೊಂಡೇ ಡೇರಿಯ ಮುಂದೆ ನಿಂತಿದ್ದರು. ಊರಿನ ಹಿರಿಯರಾದ ಪಿಳ್ಳಪ್ಪನವರು ಇಬ್ಬರಿಗೂ ಎರಡೆರಡು ಮಾತಾಡಲು ಹೇಳಿದರು. ಮುನಿರಾಜು ಮೊದಲು ಎದ್ದ. ಮೋರಿ ತಿರುಗಿಸಬೇಕು ಎಂದ. ಲೇಔಟಿನವರು ಅವರ ಕೊಳಚೆಯನ್ನು ಅವರೇ ಶುದ್ಧ ಮಾಡಿಕೊಳ್ಳಬೇಕು ಎಂದ. ಕೆರೆಯ ಹೂಳು ತೆಗೆಸಬೇಕು ಎಂದ. ನನ್ನ ಜೇಬಿನ ಚೀಟಿಯಲ್ಲಿದ್ದದ್ದೆಲ್ಲ ಸಾಲು ತಪ್ಪದೆ ಅವನ ಬಾಯಿಂದ ಬಂತು. ಏನಾದರೂ ಕೊಂಕು ತೆಗೆಯೋಣವೆಂದು ನಾಲಿಗೆ ತುರಿಸಿತು. ಆದರೆ ಟೀವಿಯ ಮುಂದೆ ಕೂಗಾಡಿದ್ದು ನೆನಪಾಯಿತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, 'ಮುನಿರಾಜು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದೇನೂ ತಕರಾರಿಲ್ಲ' ಎಂದೆ. ಇಷ್ಟು ದೊಡ್ಡತನ ತೋರಿಸಿದ್ದಕ್ಕೆ ನನಗೇ ಕಣ್ಣು ತುಂಬಿ ಬಂತು.

ಚಪ್ಪಾಳೆ ನಾನೆಣಿಸಿದ್ದಕ್ಕಿಂತ ಜೋರಾಗಿಯೇ ಬಿತ್ತು. ಪಿಳ್ಳಪ್ಪನವರು ಕೈಚೀಲದಿಂದ ಚೆಂಡುಹೂವಿನ ಹಾರ ತೆಗೆದು ಮುನಿರಾಜುವಿನ ಕೊರಳಿಗೆ ಹಾಕಿ, 'ಅವಿರೋಧ ಆಯ್ಕೆ ಆಯ್ತು ಕಣ್ರಪ್ಪಾ!' ಎಂದು ಕೂಗಿದರು. ಆಗ ನನಗೆ ಹೊಳೆಯಿತು. ನಮ್ಮ ಕಡೆ ಕಣದಿಂದ ಸರಿಯುವವನು ಸರಿಯುತ್ತೇನೆಂದು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಮಾನ ಹೋದಂತೆ. ಹತ್ತು ಜನರೆದುರು ನಿಂತು ಎದುರಿನವನ ಮಾತು ಸರಿ ಎನ್ನುತ್ತಾನೆ, ಊರು ಅರ್ಥ ಮಾಡಿಕೊಳ್ಳುತ್ತದೆ. ಇದು ಊರಿನ ಎಮ್ಮೆಕರುವಿಗೂ ಗೊತ್ತು. ಟೀವಿ ನೋಡಿ ನೋಡಿ ನಾನೊಬ್ಬ ಮರೆತಿದ್ದೆ.

'ಪಿಳ್ಳಪ್ಪನೋರೇ, ನಾನು ಒಪ್ಪಿದ್ದು ಕೆರೆ ವಿಚಾರಕ್ಕೆ!' ಎಂದು ಗೋಗರೆದೆ.

'ಅಲ್ಲಪ್ಪಾ ರಾಜಣ್ಣ, ನೀನು ನಿಂತಿದ್ದೇ ಕೆರೆಗಲ್ವಾ? ಅದನ್ನ ಒಪ್ಪಿದ್ಮೇಲೆ ಇನ್ನೇನು ಉಳೀತು?' ಎಂದರು ಅವರು.

ವಾಪಸಾತಿಯ ಕಾಗದಕ್ಕೆ ಸಹಿ ಹಾಕಲು ಕನ್ನಡಕ ಬೇಕಲ್ಲ, ಅದಕ್ಕಾಗಿ ಆಟೋದಲ್ಲಿ ನನ್ನನ್ನು ಮನೆಗೆ ಕರೆತಂದರು. ಹಿಂದೆಯೇ ಒಂದು ಹಿಂಡು ಜನ. ಹಾರ ಹಾಕಿಕೊಂಡೇ ಬಂದಿದ್ದ ಮುನಿರಾಜು ಗೇಟಿನ ಹತ್ತಿರ ನಾಚಿಕೊಂಡು ನಿಂತ. 'ಅಣ್ಣಾ, ನಿಮ್ಗೆ ಮನ್ಸಿಲ್ದಿದ್ರೆ ಬೇಡ. ಇಬ್ರೂ ನಿಲ್ಲೋಣ. ಯಾರು ಗೆದ್ರೂ ಮೋರಿ ತಿರುಗ್ಸೋಣ' ಎಂದ. ಅವನು ಜಗಳಕ್ಕಾದರೂ ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಜಯಮ್ಮ ಬಾಗಿಲಿಗೆ ಬಂದಳು. ವಿಷಯವೆಲ್ಲ ಕೇಳಿದಳು. ಆಮೇಲೆ ನನ್ನ ಮುಖ ನೋಡಿ, 'ನಿಮ್ಗೆ ಕೆರೆ ಚೆನ್ನಾಗಾಗ್ಬೇಕೋ, ನೀವು ಮೆಂಬರ್ ಆಗ್ಬೇಕೋ? ಕೆರೆ ಬೇಕಾದ್ರೆ ಸಹಿ ಹಾಕಿ ಬನ್ನಿ' ಎಂದಳು.

ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಎರಡೂ ಬೇಕಾಗಿತ್ತು. ಆದರೆ ಎಮ್ಮೆಗಳು ಮೂಸಿ ವಾಪಸ್ ಬರುವುದು ಕಣ್ಣಮುಂದೆ ಬಂತು. ಲೇಔಟಿನವರ ಜೊತೆ ಗುದ್ದಾಡಿ ಕೆಲಸ ಮಾಡಿಸುವ ಶಕ್ತಿ ಇರುವುದು ಮುನಿರಾಜುವಿಗೇ ಎಂಬುದೂ ನನಗೆ ಗೊತ್ತಿತ್ತು. ಜಯಮ್ಮ ಹೇಳಿದ್ದು ಸರಿ. ಮೊದಲ ದಿನ ಹೇಳಿದ್ದೂ ಸರಿಯೇ. ಊರೆಲ್ಲ ನನ್ನ ಬಾಯನ್ನೇ ನೋಡುತ್ತಿತ್ತು. 'ನೀನು ಹೇಳಿದ್ದೇ ಸರಿ ಜಯಾ' ಎಂದರೆ ಮುಗಿಯುತ್ತಿತ್ತು. ಗಂಟಲು ಸರಿಮಾಡಿಕೊಂಡೆ.

'ನಾನೂ ಅದನ್ನೇ ಹೇಳೋಣ ಅಂತಿದ್ದೆ' ಎಂದು ಕನ್ನಡಕ ಎತ್ತಿಕೊಂಡು ಆಟೋ ಹತ್ತಿದೆ.