ಟಾಪ್ ಗೇರಿನ ಕಾದಂಬರಿ

ಕಾದಂಬರಿ ಕೇಳುತ್ತ ಕೇಳುತ್ತ ತೊಗರಿ ಹೊಲಕ್ಕೆ ನುಗ್ಗಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ನುಗ್ಗಿದ್ದೇನೆ. ಜೀಪಿನ ಸಮೇತ! ನಾಯಕಿ ಬಾವಿಗೆ ಬೀಳುವ ಪುಟಕ್ಕೆ ಬರುವಷ್ಟರಲ್ಲಿ ನಮ್ಮ ಮಾಮಾನ ಕಣ್ಣು ತುಂಬಿ ಬಂದವು. ರಸ್ತೆ ಬಲಕ್ಕೆ ಹೊರಳಿತು, ನಾವು ಹೊರಳಲಿಲ್ಲ. ಹೊಲದವನು ಓಡಿ ಬಂದು "ಏನಾತ್ರಿ, ಏನಾತು?" ಎಂದು ಗಾಬರಿಯಿಂದ ಕೇಳಿದರೆ ಮಾಮಾ ಕಣ್ಣೊರೆಸಿಕೊಳ್ಳುತ್ತ, "ಪಾಪ, ಸಣ್ಣ ವಯಸ್ಸು, ಬಾವಿಗಿ ಬಿದ್ದಾಳ" ಎಂದರು. ಆ ಮನುಷ್ಯ ಹಗ್ಗ ತರಲು ಓಡಿದ!

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ನಮ್ಮ ಕಡೆ ಕೆನಾಲ್ ಅಗೆಯುವ ಕಾಲದಲ್ಲಿ ಒಬ್ಬ ಗುತ್ತೇದಾರನ ಜೀಪು ಓಡಿಸುತ್ತಿದ್ದರು. ಕೆಲಸ ಮುಗಿದು ಗುತ್ತೇದಾರ ಊರು ಬಿಟ್ಟ, ಜೀಪು ಮಾಮಾನ ಬಳಿ ಉಳಿಯಿತು. ಅದನ್ನೇ ಶಹಾಪುರದಲ್ಲಿ ಮದುವೆಗೆ, ಹೆರಿಗೆಗೆ, ಹೆಣ್ಣು ನೋಡುವುದಕ್ಕೆ ಬಾಡಿಗೆ ಹೊಡೆಯುತ್ತಿದ್ದರು. ಮನೆಯಲ್ಲಿ ಪುಸ್ತಕ ಹಿಡಿದರೆ ಎರಡನೇ ಸಾಲಿಗೆ ಗೊರಕೆ. ಸ್ಟೇರಿಂಗ್ ಹಿಡಿದರೆ ಮಾತ್ರ ಕಥೆ ಬೇಕೇ ಬೇಕು! ಪಕ್ಕದಲ್ಲಿ ಕೂತು ಯಾರಾದರೂ ಗಟ್ಟಿಯಾಗಿ ಓದಬೇಕು. ಓದುವುದು ನಿಂತರೆ ಜೀಪೂ ನಿಲ್ಲುತ್ತಿತ್ತು. ಮದುವೆಯ ದಿಬ್ಬಣದವರನ್ನೂ ಬಿಟ್ಟವರಲ್ಲ. ಒಮ್ಮೆ ಮದುಮಗನ ಕೈಯಲ್ಲೇ ಪುಸ್ತಕ ಕೊಟ್ಟಿದ್ದರಂತೆ. ಬಾಸಿಂಗ ಅಡ್ಡ ಬಂದು ಅವನು ಸಾಲು ಬಿಟ್ಟು ಸಾಲು ಓದಿದ. "ಇವನ ಸಂಸಾರ ಹ್ಯಾಂಗ ನಡೀತದೋ ಏನೋ" ಎಂದು ಮಾಮಾ ಬಹಳ ದಿನ ಮರುಗುತ್ತಿದ್ದರು.

ಓಡುವ ಜೀಪಿನಲ್ಲಿ ಓದಿದರೆ ಎಲ್ಲರಿಗೂ ಹೊಟ್ಟೆ ತೊಳಸುತ್ತದೆ. ನನಗೊಬ್ಬಳಿಗೇ ಇಲ್ಲ. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ರೂಪ ಕೊಡುತ್ತಾನೆ. ನನಗೆ ಕೊಟ್ಟದ್ದು ವಾಂತಿ ಬಾರದ ಹೊಟ್ಟೆ! ಹೀಗಾಗಿ ಲಂಗ ತೊಡುವ ವಯಸ್ಸಿನಿಂದ ಮಾಮಾನ ಎಡಗಡೆಯ ಸೀಟು ನನ್ನದಾಯಿತು.

ಹೀಗೇ ವರ್ಷಗಳು ಕಳೆದು ನನಗೆ ನೌಕರಿ ಬಂತು. ಮಾಸ್ತರಿಣಿ ಕೆಲಸ. ನಮ್ಮ ಮನೆತನದಲ್ಲಿ ನೌಕರಿ ಕಂಡ ಮೊದಲ ಹೆಣ್ಣು ನಾನು. ಊರು ಎಲ್ಲಿ? ಕಾರವಾರದ ಆಚೆ, ಸಮುದ್ರದ ದಂಡೆಯ ಮೇಲೆ! ಸೋಮವಾರ ಸಂಜೆಯೊಳಗೆ ಹಾಜರಾಗದಿದ್ದರೆ ಆ ಜಾಗ ಮುಂದಿನವರಿಗೆ. ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. ಮಾಮಾ ಕೇಳಲಿಲ್ಲ. "ಬಸ್ಸಿನಾಗ ಯಾರು ಕಥಿ ಕೇಳ್ತಾರ? ನಾನೇ ಬಿಟ್ಟು ಬರ್ತೀನಿ. ಆದ್ರ ದೂರದ ದಾರಿ. ಮೊದಲ ಬರೋಬರಿ ಪುಸ್ತಕ ಆರಿಸ್ಬೇಕು."

ಟೈರು ನೋಡಲಿಲ್ಲ, ಬ್ರೇಕು ನೋಡಲಿಲ್ಲ. ಪುಸ್ತಕ ಆರಿಸಲು ನನ್ನನ್ನು ಕರೆದುಕೊಂಡು ಯಾದಗಿರಿಗೆ ಹೊರಟರು!

ಯಾದಗಿರಿಯ ಬಜಾರಿನಲ್ಲಿ ತಳ್ಳುಗಾಡಿಯ ಮೇಲೆ ಹಳೇ ಪುಸ್ತಕ ಮಾರುವ ಒಬ್ಬ ಚಾಚಾ ಇದ್ದರು. "ಕೈಸಿ ಕಿತಾಬ್ ಹೋನಾ, ಮಾಮು?" ಎಂದು, ಎಂಥ ಪುಸ್ತಕ ಬೇಕೆಂದು ಕೇಳಿದರು.

"ರೋಡಿನ ಮ್ಯಾಲ ಓದಾದು."

"ರೋಡಿನ ಮ್ಯಾಲ ಕುಂತು ಓದಿದ್ರ ಲಾರಿ ಬಡೀತದಲ್ರೀ! ಕಟ್ಟಿ ಮ್ಯಾಲ ಕುಂತು ಓದ್ರಿ."

ಮಾಮಾ ಚಾಚಾನ ಸ್ಟೂಲು ಎಳೆದು ಕೂತರು. ಗಾಳಿಯಲ್ಲಿ ಸ್ಟೇರಿಂಗ್ ಹಿಡಿದರು, ಬಲಗಾಲು ಮುಂದೆ ಚಾಚಿದರು. "ಹೂಂ, ಓದು" ಎಂದರು. ಅದು ಪರೀಕ್ಷೆ! ನಾನು ಒಂದೊಂದೇ ಪುಸ್ತಕದ ಮೊದಲ ಪುಟ ಓದಬೇಕು, ಅವರ ಬಲಗಾಲು ತಾನಾಗಿ ಕೆಳಗೆ ಒತ್ತಿದರೆ ಪುಸ್ತಕ ಪಾಸು. ಒಂದು ದಪ್ಪ ಕಾದಂಬರಿಯಲ್ಲಿ ಸೂರ್ಯೋದಯವೇ ಎರಡು ಪುಟ ಇತ್ತು. "ತೆಗಿ, ಇದು ಸೆಕೆಂಡ್ ಗೇರು ದಾಟಂಗಿಲ್ಲ." ಇನ್ನೊಂದರಲ್ಲಿ ಮೊದಲ ಸಾಲಿಗೇ ದೆವ್ವ ಬಂತು, ಮಾಮಾ ಗಕ್ಕನೆ ಬ್ರೇಕ್ ಹಾಕಿ ಸ್ಟೂಲಿನಿಂದ ಬಿದ್ದರು. ಸುತ್ತ ಜನ ಸೇರಿದರು. ಮೈಮೇಲೆ ಏನೋ ಬಂದಿದೆ ಎಂದು ಒಬ್ಬಾಕೆ ಕೈಮುಗಿದಳು.

ಪಾಸಾದ ನಾಲ್ಕಾರು ಪುಸ್ತಕ ಕಟ್ಟಿಸಿಕೊಂಡು ಮನೆಗೆ ಬಂದರೆ ಅತ್ತಿಯ ತಕರಾರು. ಅತ್ತಿ ಅಂದರೆ ಮಾಮಾನ ಹೆಂಡತಿ. ಸುರಪುರದ ಹೆಣ್ಣುಮಗಳು. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ, ಅಕ್ಷರದ ಗಂಧ ಗೊತ್ತಿಲ್ಲ. ಆದರೆ ಯಾವ ಪುಸ್ತಕದಿಂದ ಜೀಪು ಎತ್ತ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ! "ಅಳೋದು ಬ್ಯಾಡ, ಹೊಲಕ್ಕ ಹೋಗ್ತೀವಿ. ನಗೋದೂ ಬ್ಯಾಡ, ನಕ್ಕ್ರ ಇವರಿಗೆ ಎರಡೂ ಕಣ್ಣು ಮುಚ್ಚತಾವು. ದೇವರ ಪುಸ್ತಕ ತಗೊಂಡ್ರ ಸ್ಟೇರಿಂಗ್ ಬಿಟ್ಟು ಕೈ ಮುಗೀತಾರ."

"ಮತ್ತ ಏನು ಓದೋದಬೇ?" ಎಂದೆ.

"ಬಾಯಿ ಮುಚ್ಕೊಂಡು ಹೋಗೋದು!"

ಅಳು ಇಲ್ಲ, ನಗು ಇಲ್ಲ, ದೆವ್ವ ಇಲ್ಲ, ದೇವರೂ ಇಲ್ಲ. ಮಜಾ ಮಾತ್ರ ಇರಬೇಕು! ಅಂಥ ಪುಸ್ತಕವನ್ನು ಯಾವ ಪುಣ್ಯಾತ್ಮ ಬರೆದಿದ್ದಾನೆ? ನನ್ನ ತಲೆ ಕೆಟ್ಟು ಗೊಂದಲವಾಯಿತು. ಕೊನೆಗೆ ಎರಡು ಪುಸ್ತಕ ಉಳಿದವು. ಒಂದು ಪತ್ತೇದಾರಿ, ಅದಕ್ಕೆ ರಟ್ಟಿಲ್ಲ, ಮೊದಲ ಕೆಲವು ಹಾಳೆ ಇಲ್ಲ, ಸತ್ತವನು ಯಾರೆಂದೇ ತಿಳಿಯುವುದಿಲ್ಲ. ಇನ್ನೊಂದು ಅತ್ತೆ ಸೊಸೆಯರ ಸಂಸಾರದ ಕಥೆ. ಅದಕ್ಕೂ ರಟ್ಟಿಲ್ಲ. ಅದನ್ನು ಅತ್ತಿಗಾಗಿ ತಂದದ್ದು ಎಂದರು ಮಾಮಾ. "ನನಗ್ಯಾಕ? ನಮ್ಮತ್ತಿ ಸತ್ತು ಈಗ ತಾನೇ ನೆಮ್ಮದಿ ಆಗ್ಯಾದ" ಎಂದಳು ಅತ್ತಿ.

ಭಾನುವಾರ ಮುಂಜಾನೆ ಹೊರಟೆವು. ಸುರಪುರದವರೆಗೆ ಎಲ್ಲ ಸುಸೂತ್ರ. ಹಿಂದಿನ ಸೀಟಿನಲ್ಲಿ ನನ್ನ ಟ್ರಂಕು, ಹಾಸಿಗೆ, ರೊಟ್ಟಿಯ ಗಂಟು, ನಡುವೆ ಅತ್ತಿ. ಮುಂದೆ ನಾನು ಪತ್ತೇದಾರಿ ಓದುತ್ತಿದ್ದೆ. ಕಥೆಯಲ್ಲಿ ಕೊಲೆಗಾರನ ಕಾರು ಮುಂದೆ, ಪತ್ತೇದಾರನ ಕಾರು ಹಿಂದೆ. ನನಗೂ ಆವೇಶ ಬಂದಿತ್ತು. "ಪತ್ತೇದಾರ ಕೂಗಿದ: ಎಡಕ್ಕೆ! ಎಡಕ್ಕೆ ತಿರುಗಿಸು!" ಎಂದು ಗಟ್ಟಿಯಾಗಿ ಓದಿದೆ.

ಮಾಮಾ ಎಡಕ್ಕೆ ತಿರುಗಿಸಿದರು.

ನಮಗ್ಯಾರಿಗೂ ಗೊತ್ತಾಗಲಿಲ್ಲ. ಕಥೆ ಹಾಗಿತ್ತು. ಕೊಲೆಗಾರ ತಪ್ಪಿಸಿಕೊಂಡ ಮೇಲೆ ತಲೆ ಎತ್ತಿ ನೋಡಿದರೆ ಡಾಂಬರು ರಸ್ತೆಯೇ ಇಲ್ಲ! ಒಂದು ಕಡೆ ತುಂಬಿದ ಕೆನಾಲ್, ಇನ್ನೊಂದು ಕಡೆ ಹಸಿರು ಭತ್ತದ ಗದ್ದೆ. ಕೆನಾಲ್ ಬಂದ ಹೊಸದರಲ್ಲಿ ನಮ್ಮ ಕಡೆ ಎಲ್ಲರ ಪಾಡೂ ಅದೇ ಆಗಿತ್ತು. ನೀರು ಬಂತು, ಗುರುತು ಹೋಯಿತು. ಬಂಡೆ, ಬನ್ನಿಗಿಡ ಎಂದು ದಾರಿ ಹೇಳುತ್ತಿದ್ದ ಜಾಗವೆಲ್ಲ ಒಂದೇ ಹಸಿರು, ಒಂದೇ ಏರಿ. ಎತ್ತ ನೋಡಿದರೂ ಅದೇ ಊರಿಗೆ ಬಂದಂತೆ ಕಾಣುವುದು, ಯಾವ ಊರೂ ಬರದು. ಇದೇ ಕೆನಾಲಿನ ಮೇಲೆ ಜೀಪು ಓಡಿಸಿದ ಮಾಮಾ, "ನಾವಿದ್ದಾಗ ಇದು ಬರೇ ತಗ್ಗು ಇತ್ತು. ನೀರು ತುಂಬಿಸಿ ಗುರ್ತೇ ಕೆಡಿಸ್ಯಾರ" ಎಂದು ರೇಗಿದರು.

ಏರಿಯ ಮೇಲೆ ಒಬ್ಬ ರೈತ ಕೂತಿದ್ದ. ಮಾಮಾ ಕೇಳಿದರು, "ಯಜಮಾನ್ರ, ಇದು ಯಾವ ಊರ್ರಿ?"

"ಇದು ಊರಲ್ರಿ, ಕೆನಾಲ್."

"ಈ ದಾರಿ ಎಲ್ಲಿಗಿ ಹೋಗ್ತದ?"

"ನೀರು ಹೋದಲ್ಲಿಗಿ." ಅವನು ನಮ್ಮನ್ನು ಮೇಲೆ ಕೆಳಗೆ ನೋಡಿ, "ಈ ಕಡಿ ಯಾರೂ ಬರಂಗಿಲ್ಲ. ಯಾರು ಹೇಳಿದ್ರು ನಿಮಗ, ಇಲ್ಲಿಗಿ ಬರ್ಲಿಕ್ಕೆ?" ಎಂದ.

ಮಾಮಾ ಸತ್ಯವಂತರು. "ಪತ್ತೇದಾರ ಹೇಳಿದ್ರಿ" ಎಂದರು.

ಅವನ ಮುಖ ಬಿಳಚಿಕೊಂಡಿತು. ದಡದಡನೆ ಏರಿಯಿಂದ ಇಳಿದು, ಹುಲ್ಲಿನೊಳಗೆ ಮುಚ್ಚಿಟ್ಟಿದ್ದ ಉದ್ದನೆಯ ಪೈಪನ್ನು ಕೆನಾಲಿನಿಂದ ದರದರ ಎಳೆದ! "ನಾ ಒಬ್ಬನೇ ಅಲ್ರೀ ಸಾಹೇಬ್ರ! ಮ್ಯಾಲಿನ ಹೊಲದವರು ಎಲ್ಲಾರೂ ಹಾಕ್ಯಾರ! ಪೈಲೆ ಅವರದು ತೆಗಸ್ರಿ!" ಎಂದು ಕೈಮುಗಿದ. ನೀರು ಕದಿಯುವವರನ್ನು ಹಿಡಿಯಲು ಬಂದ ಜೀಪು ಎಂದುಕೊಂಡಿದ್ದ. ನಾವು ದಾರಿ ತಪ್ಪಿದವರು ಎಂದರೆ ನಂಬುವುದಿಲ್ಲ. "ದೊಡ್ಡವರು ಹಂಗೇ ಹೇಳ್ತಾರ" ಎನ್ನುತ್ತಾನೆ! ಹೆದರಿಕೆಗೆ ತಾನೇ ಜೀಪು ಹತ್ತಿ, ತಿಂಥಣಿ ಬ್ರಿಜ್ಜಿನ ತನಕ ದಾರಿ ತೋರಿಸಿದ. ದಾರಿಯುದ್ದಕ್ಕೂ ನಾನು ಓದುತ್ತಿದ್ದೆ. ಬ್ರಿಜ್ ಬಂತು, ಅವನು ಇಳಿಯಲೊಲ್ಲ! "ನನ್ನ ಪೈಪ್ ಹಾಳಾಗಿ ಹೋಗ್ಲಿ. ಕೊಲಿ ಮಾಡ್ದಾವ ಯಾರಂತ ಹೇಳ್ರಿ." ಸತ್ತವನು ಯಾರೆಂದೇ ನಮಗೆ ಗೊತ್ತಿಲ್ಲ, ಕೊಂದವನನ್ನು ಎಲ್ಲಿಂದ ತರುವುದು? ಎರಡು ರೊಟ್ಟಿ ಕೊಟ್ಟು ಇಳಿಸಿದೆವು.

ಹೊತ್ತು ಮೀರಿತ್ತು. ಕೃಷ್ಣಾ ದಾಟಿ ಲಿಂಗಸೂಗೂರಿನ ದಾರಿ ಹಿಡಿದು ಮಾಮಾ ಜೋರಾಗಿ ಬಿಟ್ಟರು. ಒಂದು ತಗ್ಗಿನಲ್ಲಿ ಜೀಪು ಎಗರಿತು ನೋಡಿ, ಪುಸ್ತಕ ಎರಡೂ ಕೆಳಗೆ ಬಿದ್ದು ಹೊಲಿಗೆ ಬಿಚ್ಚಿ ಹಾಳೆಹಾಳೆಯಾದವು. ರಟ್ಟಿಲ್ಲ, ಪುಟದ ಮೇಲಿನ ಅಂಕಿಗಳನ್ನು ಇಲಿ ತಿಂದಿದ್ದವು. ಯಾವ ಹಾಳೆ ಯಾವ ಕಥೆಯದು? ಬಾಚಿ ಕೂಡಿಸಿ, ಒಂದೇ ಕಟ್ಟು ಮಾಡಿ, ಕೈಗೆ ಬಂದದ್ದನ್ನು ಓದತೊಡಗಿದೆ.

"ಸೊಸೆ ಒಲೆಯ ಮುಂದೆ ಕುಳಿತಿದ್ದಳು. ಅತ್ತೆಯ ಮಾತಿನಿಂದ ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅವಳು ಸೆರಗಿನಿಂದ..." ಎಂಬಲ್ಲಿಗೆ ಪುಟ ಮುಗಿಯಿತು. ಹೊರಳಿಸಿದೆ. "...ಪಿಸ್ತೂಲು ತೆಗೆದು ಗುರಿಯಿಟ್ಟು ಹೊಡೆದಳು."

"ಶಾಭಾಸ್!" ಎಂದು ಹಿಂದಿನಿಂದ ಗುಡುಗಿದಂತಾಯಿತು. ಅತ್ತಿ! ಅಷ್ಟು ವರ್ಷ ಜೀಪಿನಲ್ಲಿ ಕೂತು ಒಂದು ಕಥೆಗೂ ಕಿವಿಗೊಡದ ಅತ್ತಿ ಎರಡು ಸೀಟಿನ ನಡುವೆ ಮುಖ ತೂರಿಸಿ ಕೂತಿದ್ದಳು. "ಚಲೋ ಮಾಡಿದ್ಳು! ತಡಿಲಿಕ್ಕೂ ಒಂದು ಮಿತಿ ಇರ್ತದ. ಬರೋಬರಿ ಅತ್ತಿಗೇ ಬಡೀತೇನು?"

"ಅದು ಬ್ಯಾರೆ ಕಥಿ ಅದ ಅತ್ತಿ, ಹಾಳಿ ಕಲಸಿ ಹೋಗ್ಯಾವ."

"ಎಲ್ಲಿ ಬ್ಯಾರೆ? ಇದೇ ಖರೆ ಕಥಿ. ಓದು!"

ಹುಬ್ಬಳ್ಳಿಯ ಛತ್ರದಲ್ಲಿ ರಾತ್ರಿ ಕಳೆದು ಮರುದಿನ ಘಟ್ಟ ಇಳಿಯುವವರೆಗೂ ಅದೇ ಕಥೆ. ಪತ್ತೇದಾರ ಹಪ್ಪಳ ಒಣಗಿಸಿದ. ಕೊಲೆಗಾರ ಮಾವನ ಕಾಲೊತ್ತಿದ. ಸೊಸೆ ರೈಲಿನ ಮೇಲಿನಿಂದ ಹಾರಿ ಮನೆಗೆ ಬಂದು ಹಾಲು ಹೆಪ್ಪು ಹಾಕಿದಳು! ನನಗೆ ತಲೆಬುಡ ತಿಳಿಯಲಿಲ್ಲ. ಮಾಮಾ ಅತ್ತಿ ಮಾತ್ರ ಎಲ್ಲ ತಿಳಿದವರಂತೆ ಜಗಳವಾಡಿಕೊಂಡು ಕೇಳುತ್ತಿದ್ದರು. ನನ್ನ ಜನ್ಮದಲ್ಲಿ ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಸಮುದ್ರ ಕಂಡಿತು. ಅತ್ತಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ಇಷ್ಟು ನೀರು ಇಟ್ಕೊಂಡು ಒಂದು ಕೆನಾಲ್ ಮಾಡಿಲ್ಲಲ್ಲ, ಎಂಥಾ ಜನ!" ಎಂದಳು.

"ಉಪ್ಪು ನೀರು ಅದು" ಎಂದರು ಮಾಮಾ.

"ಚಲೋನೇ ಆತು, ಸಾರಿಗಿ ಉಪ್ಪು ಹಾಕೋದು ಉಳೀತದ."

ಸಾಲಿ ಮುಟ್ಟಿದಾಗ ಹೆಡ್‌ಮಾಸ್ತರರು ಕೋಣೆಗೆ ಬೀಗ ಹಾಕುತ್ತಿದ್ದರು. ಮಾಮಾ ಬಾಗಿಲಿಗೆ ಜೀಪು ಅಡ್ಡ ನಿಲ್ಲಿಸಿದರು. ಹೆಡ್‌ಮಾಸ್ತರರಿಗೆ ನಮ್ಮ ಮಾತು ತಿಳಿಯಲಿಲ್ಲ, ಜೀಪು ತಿಳಿಯಿತು. ಬೀಗ ತೆಗೆದು ನನ್ನನ್ನು ಹಾಜರು ಮಾಡಿಕೊಂಡರು. ಅವರೇ ತೋರಿಸಿದ ಬಾಡಿಗೆ ಕೋಣೆಯಲ್ಲಿ ಟ್ರಂಕು ಇಳಿಸಿ, ಮಾಮಾ ನನ್ನ ಮುಖ ನೋಡದೆ, "ಬಾಗಲಕ್ಕ ಒಳಗಿಂದ ಚಿಲಕ ಹಾಕ್ಕೋ" ಎಂದಷ್ಟೇ ಹೇಳಿ ಹೋಗಿಬಿಟ್ಟರು. ಹಾಳೆಯ ಕಟ್ಟು ಜೀಪಿನಲ್ಲೇ ಉಳಿಯಿತು.

ಪಂಚಮಿಗೆ ಊರಿಗೆ ಬಂದೆ. ಯಾದಗಿರಿ ರೈಲ್ವೆ ಸ್ಟೇಷನ್ನಿಗೆ ಮಾಮಾ ಜೀಪು ತಂದಿದ್ದರು. ನನ್ನ ಸೀಟಿನಲ್ಲಿ ಅತ್ತಿ ಕೂತಿದ್ದಳು! ಹಿಂದೆ ಹತ್ತಿ ಕೂತು, "ಆ ಕಥಿ ಅರ್ಧಕ್ಕ ನಿಂತಿತ್ತಲ್ಲ ಮಾಮಾ, ಕೊಡ್ರಿ ಓದ್ತೀನಿ" ಎಂದೆ.

"ಅದು ಮುಗೀತವ್ವ."

"ಯಾರು ಓದಿದ್ರು?"

"ನಿಮ್ಮ ಅತ್ತಿ."

ನಾನು ಬೆರಗಾದೆ. ಅತ್ತಿ ಹೊರಗೆ ಭೀಮಾ ನದಿಯನ್ನು ಬಹಳ ಮುತುವರ್ಜಿಯಿಂದ ನೋಡತೊಡಗಿದಳು. ಮನೆಗೆ ಬಂದ ಮೇಲೆ, ಅಡುಗೆಮನೆಯಲ್ಲಿ ಎಳ್ಳುಂಡಿ ಕಟ್ಟುವಾಗ ಹಿಡಿದು ಕೇಳಿದೆ. ಮೊದಲು ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಿನ್ನ ಬಿಟ್ಟು ಸ್ವಲ್ಪ ದೂರ ಬಂದಿದ್ವಿ. ಗಾಡಿ ನಿಲ್ಲಿಸಿಬಿಟ್ರು. ಇಂಜಿನ್ ಕಾದದ ಅಂದ್ರು. ಎಲ್ಲಿ ಕಾದದ? ಸ್ಟೇರಿಂಗಿನ ಮ್ಯಾಲ ತಲಿ ಇಟ್ಟು ಕುಂತ್ರು. ನಾ ಏನು ಮಾಡ್ಲಿ? ಮುಂದ ಬಂದು ಕುಂತೆ. ಆ ಹಾಳಿ ಕಟ್ಟು ತಗೊಂಡು ಓದಿದೆ."

"ನಿನಗ ಓದ್ಲಿಕ್ಕೆ ಎಲ್ಲಿ ಬರ್ತದ ಅತ್ತಿ?"

"ಬಾಯಿಗಿ ಬಂದದ್ದು ಓದಿದೆ. ಆ ಸೊಸಿ ನೌಕರಿಗಿ ಸೇರಿದ್ಳು ಅಂದೆ. ಸಮುದ್ರದ ದಂಡಿ ಮ್ಯಾಲ ಸಾಲಿ. ಹುಡುಗರು ಆಕಿ ಮಾತು ಕೇಳ್ತಾವ, ಮನಿ ಮಾಲಕರು ಚಲೋ ಮಂದಿ, ಹೊತ್ತಿಗಿ ಸರಿ ಉಣ್ತಾಳ, ರಾತ್ರಿ ಹೆದರಂಗಿಲ್ಲ ಅಂತ ಓದಿದೆ. ಗಾಡಿ ಚಾಲೂ ಮಾಡಿದ್ರು. ಶಹಾಪುರ ಬರೋತನಕ ಓದಿದೆ ನೋಡು."

"ಮಾಮಾಗ ಗೊತ್ತಾಗ್ಲಿಲ್ಲೇನು?"

"ಗೊತ್ತಾಗದೆ ಏನು!" ಅತ್ತಿ ಕೈಯೊಳಗಿನ ಉಂಡಿಯನ್ನು ತಿರುತಿರುಗಿಸಿ ದುಂಡಗೆ ಮಾಡುತ್ತ ಹೇಳಿದಳು. "ನಡುವ ಒಂದು ಕಡಿ ಗಾಡಿ ಬಾಜೂಕ ತಗೊಂಡ್ರು. ನನ್ನ ಕೈಯಾಗಿಂದ ಹಾಳಿ ಕಸಗೊಂಡ್ರು. ಮುಗೀತು, ಬೈತಾರ ಅಂದ್ಕೊಂಡೆ. ತಲಿಕೆಳಗ ಇತ್ತಂತ ಕಾಣ್ತದ, ಸೀದಾ ಮಾಡಿ ತಿರುಗಿ ನನ್ನ ಕೈಯಾಗ ಇಟ್ಟು, 'ಹೂಂ, ಓದು' ಅಂದ್ರು."