ಲ್ಯಾಪ್‌ಟಾಪಿಗೆ ಕಾಯಿ ಒಡೆದದ್ದು

ಮನೆಯಲ್ಲಿ ಒಂದು ವಸ್ತು ಕೆಟ್ಟರೆ ಅದು ಯಾಕೆ ಕೆಟ್ಟಿತು ಅನ್ನುವುದು ಎರಡನೆಯ ಪ್ರಶ್ನೆ. ಯಾರಿಂದ ಕೆಟ್ಟಿತು ಅನ್ನುವುದೇ ಮೊದಲನೆಯದು. ಮಿಕ್ಸಿ ನಿಂತರೆ ಕೊನೆಗೆ ತಿರುಗಿಸಿದವರು ಯಾರು, ನಲ್ಲಿ ಸೋರಿದರೆ ಕೊನೆಗೆ ಮುಚ್ಚಿದವರು ಯಾರು ಎಂದು ನಮ್ಮಲ್ಲಿ ಮೊದಲು ವಿಚಾರಣೆ ನಡೆಯುತ್ತದೆ, ತೀರ್ಪು ಬಂದಮೇಲೆ ರಿಪೇರಿ. ಚನ್ನಗಿರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವ ಕಾರಣಕ್ಕೆ ಈ ವಿಚಾರಣೆಯಲ್ಲಿ ತಜ್ಞನೂ ನಾನೇ, ನ್ಯಾಯಾಧೀಶನೂ ನಾನೇ. ಹಾಗಾಗಿ ಇಷ್ಟು ವರ್ಷಗಳಲ್ಲಿ ಒಂದು ಸಲವೂ ತಪ್ಪು ನನ್ನದೆಂದು ಸಾಬೀತಾಗಿರಲಿಲ್ಲ.

ಕರೆಂಟಿನಿಂದ ಓಡುವುದಾಗಲಿ ಚಕ್ರದ ಮೇಲೆ ಓಡುವುದಾಗಲಿ, ಮನೆಗೆ ಹೊಸದೇನು ಬಂದರೂ ಅಮಾವಾಸ್ಯೆಯ ದಿನ ವಿಭೂತಿ ಹಚ್ಚಿ ಕಾಯಿ ಒಡೆಯದೆ ನಾವು ಕೆಲಸಕ್ಕೆ ಹಚ್ಚುವುದಿಲ್ಲ. ನಮ್ಮಪ್ಪ ಪಂಪ್‌ಸೆಟ್ಟಿಗೆ ಒಡೆದರು. ನಾನು ಸ್ಕೂಟರಿಗೆ, ಫ್ರಿಜ್ಜಿಗೆ, ವಾಷಿಂಗ್ ಮೆಷಿನ್ನಿಗೆ ಒಡೆದೆ. ಫ್ರಿಜ್ಜಿಗೆ ಒಡೆದ ಕಾಯಿಯಲ್ಲಿ ಹೂವು ಬಂದಿತ್ತು, ಅದು ಈವರೆಗೆ ಒಂದು ದಿನವೂ ಕೆಟ್ಟಿಲ್ಲ. ವಿಜ್ಞಾನದ ಮೇಷ್ಟ್ರಾಗಿ ಇದಕ್ಕೆ ನನ್ನ ವಿವರಣೆ ಏನೆಂದು ಕೇಳಬೇಡಿ, ಫ್ರಿಜ್ಜಂತೂ ನಡೆಯುತ್ತಿದೆ. ಹೀಗಿರುವಾಗ ನನ್ನ ಹೆಂಡತಿ ಗೌರಮ್ಮ ಮದುವೆ ಕಾರ್ಡು ಡಿಸೈನ್ ಮಾಡುವುದಕ್ಕೆಂದು ಲ್ಯಾಪ್‌ಟಾಪ್ ತಂದಾಗ ಅದೊಂದನ್ನು ಬಿಡುವುದುಂಟೇ?

ಪೂಜೆಗೆಂದು ಅವಳ ತಮ್ಮ ಬಸವರಾಜ ಜಗಳೂರಿನಿಂದ ಬಂದಿದ್ದ. ಅಕ್ಕ ಎರಡೆರಡು ವೈರು ಹುಡುಕಬಾರದೆಂದು ಫೋನಿಗೂ ಲ್ಯಾಪ್‌ಟಾಪಿಗೂ ಆಗುವ ಒಂದೇ ಚಾರ್ಜರ್ ತಂದುಕೊಟ್ಟ. ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಹೂವು ಏರಿಸಿದೆವು. ಗೌರಮ್ಮ ಆರತಿ ತಟ್ಟೆ ತರಲು ಒಳಗೆ ಹೋದಳು. ಮಣೆಯ ಪಕ್ಕದಲ್ಲೇ ಕಲ್ಲು ಇಟ್ಟುಕೊಂಡಿದ್ದೆ. ಬಸವರಾಜ ಕಾಯಿ ಕೈಗೆ ಕೊಟ್ಟ, ಎರಡನೆಯ ಏಟಿಗೆ ಒಡೆಯಿತು, ನೀರು ಒಂಚೂರು ಹಾರಿತು. ಮೇಲೆ ಬಿದ್ದದ್ದನ್ನು ಟವೆಲ್ಲಿನಿಂದ ಒರೆಸಿದೆ. ಪಕ್ಕದಲ್ಲಿದ್ದ, ಚಾರ್ಜರ್ ಚುಚ್ಚುವ ತೂತಿನ ಕಡೆ ನೋಡಲಿಲ್ಲ. ಮಂಗಳಾರತಿ ಆದಮೇಲೆ ಅಕ್ಕ ತಮ್ಮನ ಎದುರು ಲ್ಯಾಪ್‌ಟಾಪ್ ಆನ್ ಮಾಡಿ ಹೊಸ ಚಾರ್ಜರನ್ನು ಚುಚ್ಚಿದೆ. ಟಪ್ ಎಂದು ಸಣ್ಣ ಸದ್ದಾಗಿ ಲ್ಯಾಪ್‌ಟಾಪ್ ಆರಿಹೋಯಿತು.

“ಏನಾತ್ರೀ?” ಎಂದಳು ಗೌರಮ್ಮ.

“ಚಾರ್ಜರ್ ಸರಿ ಇಲ್ಲ” ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ನಾನೂ ಅದನ್ನೇ ನಂಬಿದ್ದೆ. ನಂಬಿದಮೇಲೆ ಮೇಷ್ಟ್ರಿಗೆ ಸುಮ್ಮನಿರಲು ಬರುವುದಿಲ್ಲ. ಅಗ್ಗದ ಚಾರ್ಜರುಗಳಲ್ಲಿ ವೋಲ್ಟೇಜು ಹೇಗೆ ಹಿಡಿತ ತಪ್ಪುತ್ತದೆ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಬಸವರಾಜ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಒದ್ದೆ ಕಲ್ಲನ್ನು ನೋಡಿದ, ಏನೂ ಹೇಳಲಿಲ್ಲ. ತಪ್ಪಿತಸ್ಥನ ಮೌನ ಎಂದುಕೊಂಡೆ.

“ಕೊಡಾದಾದ್ರೆ ಒಳ್ಳೇದು ಕೊಡ್ಬೇಕು ಕಣೋ ಬಸು. ಬರಿಗೈಲಿ ಬಂದಿದ್ರೆ ನಾನೇನು ಒಳಗೆ ಬರಬ್ಯಾಡ ಅಂತಿದ್ನಾ?” ಎಂದುಬಿಟ್ಟಳು ಅಕ್ಕ. ಅವನು ಅರ್ಧ ಊಟಕ್ಕೇ ಕೈ ತೊಳೆದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಆಮೇಲೆ ಅವನ ಫೋನು ನಿಂತಿತು. ದಿನಾ ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಫೋನು ಮಾಡಿ, ಏನಡಿಗೆ ಎಂದು ಕೇಳುತ್ತಿದ್ದ ಹುಡುಗ. ಗೌರಮ್ಮ ಹಿಟ್ಟಿನ ಕೈಯಲ್ಲೇ ಮಾತಾಡುತ್ತಿದ್ದಳು. ಈಗ ಫೋನನ್ನು ಮೊದಲಿನ ಜಾಗದಲ್ಲೇ ಇಟ್ಟುಕೊಂಡು ಸುಮ್ಮನೆ ರೊಟ್ಟಿ ಬಡಿಯುತ್ತಾಳೆ. ಅವಳಾಗಿ ಮಾಡಿದರೂ ಅವನು ಎತ್ತಲಿಲ್ಲ. “ನಾನಷ್ಟು ಅನ್ನಬಾರದಾಗಿತ್ತು. ಆದ್ರೆ ತಪ್ಪು ಚಾರ್ಜರಿಂದೇ ತಾನೇ?” ಎಂದು ಕೇಳಿದಳು. ಹೌದು ಎಂದೆ. ಎರಡನೆಯ ವಾರ ಮತ್ತೆ ಕೇಳಿದಳು. ಮತ್ತೆ ಹೌದು ಎಂದೆ, ಆದರೆ ದನಿ ಸ್ವಲ್ಪ ಸಣ್ಣದಾಗಿತ್ತು. ಲ್ಯಾಪ್‌ಟಾಪ್ ಸರಿಹೋದರೆ ಅಕ್ಕ ತಮ್ಮನ ನಡುವೆಯೂ ಸರಿಹೋದೀತೆಂದು ಅದನ್ನೂ ಚಾರ್ಜರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ.

ನ್ಯಾಮತಿಯ ಅಂಗಡಿಯವನು ಮುಚ್ಚಳ ತೆಗೆಯುವ ಮೊದಲೇ, “ಬೋರ್ಡ್ ಹೋಗೈತೆ ಸರ್, ಹೊಸದು ತಗಳ್ರಿ” ಎಂದ. ಅಲ್ಲಿಂದ ಹೊನ್ನಾಳಿಗೆ ಬಂದೆ. ಅಲ್ಲಿ ಕೊಟ್ರಪ್ಪ ಎಂಬ ಹಳೆಯ ರೇಡಿಯೋ ರಿಪೇರಿಯವರಿದ್ದಾರೆ. ರೇಡಿಯೋ ಹೋಯಿತು, ಟಿವಿ ಹೋಯಿತು, ಈಗ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಏರಿಸಿಕೊಂಡು ಮೊಬೈಲು ಲ್ಯಾಪ್‌ಟಾಪುಗಳ ಬೋರ್ಡು ನೋಡುತ್ತಾರೆ. ಚಾರ್ಜರಿಂದ ಹೀಗಾಗಿದೆ ಎಂದು ಕೂತ ತಕ್ಷಣ ತೀರ್ಪು ಒಪ್ಪಿಸಿದೆ. ಅವರು ತಲೆ ಎತ್ತದೆ, “ನೋಡನ ತಡೀರಿ ಮೇಷ್ಟ್ರೇ” ಎಂದರು.

ಮುಚ್ಚಳ ಬಿಚ್ಚಿ, ಚಾರ್ಜಿಂಗ್ ತೂತಿರುವ ಉಗುರಗಲದ ಬೋರ್ಡನ್ನು ಹೊರತೆಗೆದರು. “ಈ ಚಾರ್ಜರು ಮೊದಲಿನ ಹಂಗಲ್ರಿ. ಚುಚ್ಚಿದ ತಕ್ಷಣ ಎರಡೂ ಮಾತಾಡ್ತಾವೆ. ನಿನಗೆಷ್ಟು ವೋಲ್ಟ್ ಬೇಕು ಅಂತ ಅದು ಕೇಳ್ತೈತೆ, ಇಪ್ಪತ್ತು ಕೊಡು ಅಂತ ಇದು ಹೇಳ್ತೈತೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ಮಾತಾಡಿದಂಗೆ. ಒಪ್ಪಿಗೆ ಆಗಾತನಕ ಐದು ವೋಲ್ಟಿನ ಮ್ಯಾಲೆ ಬಿಡಲ್ಲ” ಎಂದರು. ಮೀಟರಿನ ಕಡ್ಡಿಗಳನ್ನು ಬೋರ್ಡಿನ ಮೇಲೆ ಎರಡು ಕಡೆ ಇಟ್ಟರು. ಮೀಟರು ಕುಂಯ್ ಎಂದಿತು. ಕೂಗಬಾರದ ಜಾಗದಲ್ಲಿ ಕೂಗಿದರೆ ಅಲ್ಲಿ ಶಾರ್ಟ್ ಆಗಿದೆ ಎಂದರ್ಥ.

ಆದರೆ ಬೋರ್ಡಿನ ಮೇಲೆ ಸಾಸಿವೆ ಕಾಳಿನಂಥ ಭಾಗಗಳು ಹತ್ತಾರಿವೆ, ಕೆಟ್ಟದ್ದು ಯಾವುದು? ಕೊಟ್ರಪ್ಪ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಇಡೀ ಬೋರ್ಡಿಗೆ ಸವರಿದರು. ಆಮೇಲೆ ಒಂದೇ ಒಂದು ವೋಲ್ಟ್ ಕೊಟ್ಟರು. “ಶಾರ್ಟ್ ಆಗಿದ್ದು ಬಿಸಿಯಾಗ್ತೈತೆ. ಎಲ್ಲಿ ಮೊದಲು ಒಣಗ್ತೈತೋ ಅದಕ್ಕೇ ಜ್ವರ.” ಇಬ್ಬರೂ ಬಗ್ಗಿ ನೋಡಿದೆವು. ಚಾರ್ಜರಿನ ಜೊತೆ ಮಾತಾಡುವ ಪುಟ್ಟ ಚಿಪ್ಪಿನ ಮೇಲೆ ಸ್ಪಿರಿಟ್ ಸರ್ರನೆ ಆರಿತು. ಇಷ್ಟು ಸುಲಭದ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಆ ಚಿಪ್ಪನ್ನು ಕೀಳಲು ಬಿಸಿಗಾಳಿ ಬಿಟ್ಟರು. ಅಂಗಡಿ ತುಂಬ ಘಮ್ಮೆಂದು ಕೊಬ್ಬರಿ ಮಿಠಾಯಿಯ ವಾಸನೆ ಎದ್ದಿತು. ಕೊಟ್ರಪ್ಪ ಮೂಗರಳಿಸಿದರು. ಭೂತಗನ್ನಡಿಯಲ್ಲಿ ನೋಡಿ, ಚಿಮಟದಿಂದ ತೂತಿನೊಳಗಿನ ಒಂದು ಸಣ್ಣ ನಾರನ್ನು ಎತ್ತಿ ಹಿಡಿದರು.

“ಮೇಷ್ಟ್ರೇ, ಕಾಯಿ ಒಡೆದಿದ್ರೇನ್ರಿ?”

ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುವವನು ನಾನು. ಹೋದ ವರ್ಷ ಎಳನೀರಿನಲ್ಲಿ ತಂತಿ ಅದ್ದಿ ಪುಟ್ಟ ಬಲ್ಬು ಹೊತ್ತಿಸಿ ತೋರಿಸಿದ್ದೆ, ಮಕ್ಕಳು ಚಪ್ಪಾಳೆ ತಟ್ಟಿದ್ದರು. ಕೊಟ್ರಪ್ಪ ಬಸವರಾಜನ ಚಾರ್ಜರನ್ನೂ ಮೀಟರಿಗೆ ಹಾಕಿದರು. ಐದು, ಒಂಬತ್ತು, ಹದಿನೈದು, ಇಪ್ಪತ್ತು, ಕೇಳಿದಷ್ಟನ್ನು ಕೇಳಿದಾಗ ಕೊಟ್ಟಿತು. “ಚಾರ್ಜರ್ ಬಂಗಾರದಂಗೈತೆ. ಶಾರ್ಟ್ ಆದ ತಕ್ಷಣ ತಾನೇ ಕರೆಂಟು ನಿಲ್ಸೈತೆ. ಇಲ್ಲಾಂದ್ರೆ ಒಳಗಿನ ದೊಡ್ಡ ಬೋರ್ಡೂ ಸುಟ್ಟು ಹೋಗ್ತಿತ್ತು” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾನು ಮಾಡಿದ್ದೆ. ಹೊಸ ಚಿಪ್ಪು ಹಾಕಿಸಿಕೊಂಡು ಬಸ್ಸಿನಲ್ಲಿ ಕೂತೆ. ಚನ್ನಗಿರಿ ಬರುವವರೆಗೂ ನಾಚಿಕೆಯಾಗುತ್ತಿತ್ತು.

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದೆ. ನೀರು ಹಾರಿಸಿದ್ದು ನಾನು, ಚಾರ್ಜರ್ ತಪ್ಪಿಲ್ಲ, ಬಸವರಾಜನ ತಪ್ಪಂತೂ ಇಲ್ಲವೇ ಇಲ್ಲ ಎಂದೆ. ಗೌರಮ್ಮನ ಕಣ್ಣು ತುಂಬಿತು. ಪಕ್ಕದ ಮನೆಯವರ ಫೋನಿನಿಂದ ಜಗಳೂರಿಗೆ ಮಾಡಿದಳು, ಅವನು ಎತ್ತಿದ.

“ಬಸು, ತಪ್ಪು ನಿಮ್ಮ ಭಾವಂದಂತೆ ಕಣೋ. ಕಾಯಿನೀರು ಹೋಗಿತ್ತಂತೆ. ನಾನು ಸುಮ್ಸುಮ್ನೆ ನಿನಗಂದೆ.”

ಸ್ಪೀಕರಿನಲ್ಲಿ ಅವನ ದನಿ ನನಗೂ ಕೇಳಿಸಿತು. “ಭಾವ ಹಂಗಂದ್ರಾ? ನಂಬಬ್ಯಾಡಕ್ಕ. ನಾನು ಅಲ್ಲೇ ಇದ್ನಲ್ಲ, ಒಂದು ಹನಿ ನೀರೂ ಹಾರಿಲ್ಲ. ನಮ್ಮಿಬ್ಬರನ್ನ ಸರಿ ಮಾಡಾಕೆ ತಮ್ಮ ಮ್ಯಾಲೆ ಹಾಕ್ಕಂಡಾರೆ. ಚಾರ್ಜರೇ ಸರಿ ಇದ್ದಿಲ್ಲ ಬಿಡು.”

ಫೋನು ಕಿತ್ತುಕೊಂಡು, “ಬಸವರಾಜ, ನಾರು ಸಿಕ್ಕೈತೆ ಕಣಪ್ಪ” ಎಂದೆ.

“ಆಯ್ತು ಬಿಡ್ರಿ ಭಾವ, ನಿಮ್ಮ ದೊಡ್ಡಗುಣ ನಂಗೊತ್ತಿಲ್ವಾ” ಎಂದು ನಕ್ಕ.

ಗೌರಮ್ಮ ನಂಬಿದ್ದು ಅವನನ್ನು. ಮದುವೆಯಾದಾಗಿನಿಂದ ನೋಡದಂಥ ನೋಟದಿಂದ ನನ್ನನ್ನು ನೋಡಿದಳು. ಕೊಬ್ಬರಿ ಮಿಠಾಯಿಯ ವಾಸನೆಯ ಬಗ್ಗೆ ಹೇಳಹೋದರೆ, “ಸಾಕು ಸುಮ್ನಿರ್ರೀ, ಎಷ್ಟಂತ ಹೊತ್ಕೊಳ್ತೀರಿ” ಎಂದಳು. ಬೀದಿಯವರಿಗೆಲ್ಲ ಹೇಳಿದಳು. ಎದುರು ಮನೆಯ ಹಿರಿಯರು ನನ್ನನ್ನು ನಿಲ್ಲಿಸಿ, ನಿಮ್ಮಂಥವರು ಈಗಿನ ಕಾಲದಲ್ಲಿ ಅಪರೂಪ ಎಂದರು. ಅವರಿಗೂ ನಿಜ ಹೇಳಿದೆ. ನನ್ನ ವಿನಯವನ್ನೂ ಹೊಗಳಿ ಹೋದರು.

ಭಾನುವಾರ ಬಸವರಾಜ ಊಟಕ್ಕೆ ಬಂದ. ಗೌರಮ್ಮ ತಮ್ಮನಿಗೆ ಹೋಳಿಗೆ ಬಡಿಸಿ ಒಂದು ಚಮಚ ತುಪ್ಪ ಹಾಕಿದಳು. ನನಗೆ ಮೂರು ಹಾಕಿದಳು. ಬಸವರಾಜ ನನ್ನ ತಟ್ಟೆ ನೋಡಿದ, ಆಮೇಲೆ ನನ್ನ ಮುಖ ನೋಡಿದ, ತಲೆ ತಗ್ಗಿಸಿ ಊಟ ಮುಂದುವರಿಸಿದ. ಸತ್ಯವನ್ನು ಇನ್ನೊಮ್ಮೆ ಹೇಳಿಬಿಡೋಣ ಎಂದು ಬಾಯಿ ತೆರೆದೆ. ತೆರೆದ ಬಾಯಿಗೆ ಹೋಳಿಗೆ ಇಟ್ಟುಕೊಂಡೆ.