ಮುಂದೆ ಮಂದಿ, ಹಿಂದೆ ಸಸಿ

ಹಳೆಯ ಗಾಡಿ ಕೊಂಡವರಿಗೆ ಗ್ಯಾರೇಜು ತಪ್ಪುವುದಿಲ್ಲ ಎನ್ನುತ್ತಾರೆ. ನಮ್ಮ ಗಾಡಿ ಗ್ಯಾರೇಜು ಕಂಡದ್ದು ಕಡಿಮೆ. ಆದರೆ ಹೊರಗೆ ತೆಗೆದ ದಿನ ಒಂದಿಲ್ಲೊಂದು ಫಜೀತಿಯಾಗದೆ ಅದು ಮನೆಗೆ ಬಂದದ್ದು ಇನ್ನೂ ಕಡಿಮೆ. ಈಗೀಗ ನಾವು ಮನೆಗೆ ಮುಟ್ಟಿದ ಕೂಡಲೇ ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಮೊಣಕೈ ಊರಿ, "ಇವತ್ತೇನಾತ್ರಿ?" ಎಂದು ಕೇಳುತ್ತಾರೆ.

ಕಾರೋ ಟೆಂಪೋನೋ

ರಾಣೆಬೆನ್ನೂರಿನಿಂದ ಮೂರು ಮೈಲು ಹೊರಗೆ ನನ್ನದೊಂದು ಸಸಿ ತೋಟವಿದೆ, ಮನೆಯೂ ಅಲ್ಲೇ. ಮೆಣಸಿನಕಾಯಿ, ಟೊಮೆಟೊ, ಬದನೆ ಸಸಿಗಳನ್ನು ಟ್ರೇಗಳಲ್ಲಿ ಬೆಳೆಸಿ ರೈತರಿಗೆ ಮುಟ್ಟಿಸುವುದು ನನ್ನ ಉದ್ಯೋಗ. ಮನೆಯವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಉಳಿದಂತೆ ಅತ್ತೆ, ಮತ್ತು ಬಿ.ಎಸ್ಸಿ. ಮುಗಿಸಿ ನನ್ನ ಜೊತೆಗೇ ತೋಟ ನೋಡಿಕೊಳ್ಳುವ ನಾದಿನಿ.

ಒಂದು ಬೇಸಿಗೆಯಲ್ಲಿ ಬಾಡಿಗೆ ಟೆಂಪೋ ಮೂರು ತಾಸು ತಡವಾಗಿ ಬಂತು. ಬ್ಯಾಡಗಿಯ ರೈತರೊಬ್ಬರ ಹೊಲಕ್ಕೆ ಮುಟ್ಟುವಷ್ಟರಲ್ಲಿ ಸಸಿಗಳೆಲ್ಲ ಬಾಡಿ ತಲೆ ಬಗ್ಗಿಸಿದ್ದವು. ಅವರು ಒಂದು ಟ್ರೇ ಎತ್ತಿ ನೋಡಿ, "ತಂಗಿ, ನಿಮ್ಮ ಸಸೀದು ತಪ್ಪಿಲ್ಲ, ಗಾಡೀದು ತಪ್ಪು. ಆದ್ರ ನಾ ನೆಲಕ್ಕ ಹಚ್ಚೂದು ಗಾಡಿ ಅಲ್ಲ, ಸಸಿ" ಎಂದು ಅಷ್ಟನ್ನೂ ವಾಪಸು ಕಳಿಸಿದರು. ದಾರಿಯುದ್ದಕ್ಕೂ ನನಗೆ ಕಣ್ಣು ತುಂಬಿ ಬರುತ್ತಿತ್ತು. ಮನೆಗೆ ಬಂದು, "ಇನ್ನ ನಮ್ಮದಾ ಒಂದು ಪಿಕಪ್ ಬೇಕು" ಎಂದೆ.

"ಪಿಕಪ್ ಯಾಕ? ಕಾರ್ ತಗೊಳ್ಳೂಣು" ಎಂದರು ಮನೆಯವರು. ಅವರಿಗೆ ಸೈಕಲ್ ಬಿಟ್ಟು ಮತ್ತೇನೂ ನಡೆಸಲು ಬರುವುದಿಲ್ಲ. ನಾನಾದರೂ ತವರಿನಲ್ಲಿ ಟ್ರ್ಯಾಕ್ಟರ್ ಹೊಡೆದವಳು. ಆದರೂ ಕಾರು ಬೇಕು ಅವರಿಗೆ, ಅದೂ ಎತ್ತರದ್ದು, ಸ್ಟಾಫ್ ರೂಮಿನಲ್ಲಿ ಎಲ್ಲರ ಹತ್ತಿರ ಇರುವಂಥದ್ದು.

ಎಂಟು ದಿನ ಮನೆಯಲ್ಲಿ ಇದೇ ಜಗಳ. ಕೊನೆಗೆ ನಾದಿನಿ ಫೋನಿನಲ್ಲಿ ಹುಡುಕಿ, ನಾಲ್ಕು ಬಾಗಿಲಿನ, ಒಳಗೆ ಐದು ಮಂದಿ ಕೂತು ಹಿಂದಿನ ತೊಟ್ಟಿಯಲ್ಲಿ ಲೋಡು ಹಾಕುವಂಥ ಪಿಕಪ್ಪಿನ ಸುದ್ದಿ ತಂದಳು. ಬ್ಯಾಡಗಿಯಲ್ಲಿ ಒಂದು ಹಳೆಯದು ಮಾರಾಟಕ್ಕಿತ್ತು. ಮನೆಯವರು ಕೂಡಲೇ ಪೆನ್ಸಿಲ್ ಹಿಡಿದು ಅದರ ಚಿತ್ರ ಬರೆದು ಅತ್ತೆಯ ಮುಂದಿಟ್ಟರು. ಅತ್ತೆ ಕನ್ನಡಕ ಏರಿಸಿ, ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿ ತೀರ್ಪು ಕೊಟ್ಟರು:

"ಮುಂದಿಂದ ನೋಡಿದ್ರ ಅಳಿಯ, ಹಿಂದಿಂದ ನೋಡಿದ್ರ ಆಳು. ಇಂಥಾದ ನೋಡು ಮನಿಗೆ ಬೇಕಾಗಿದ್ದು."

ಜೋಡಿ ಸೀನು

ಬ್ಯಾಡಗಿಗೆ ನಾಲ್ವರೂ ಹೋದೆವು. ಗಾಡಿಯ ಮಾಲೀಕರು ಮೆಣಸಿನಕಾಯಿ ವ್ಯಾಪಾರಿ, ವಯಸ್ಸಾದವರು, ಬಹಳ ಸಮಾಧಾನದ ಮನುಷ್ಯ. "ಹತ್ತರಿ, ಒಂದು ಸುತ್ತು ಹೊಡದು ನೋಡ್ರಿ. ಏಸಿ ಸುದ್ದಾ ಐತಿ" ಎಂದು ತಾವೇ ಕೈ ಚಾಚಿ ಏಸಿಯ ಗುಂಡಿ ತಿರುಗಿಸಿದರು.

ಅದೊಂದು ಮಾಡಬಾರದಿತ್ತು. ಎಷ್ಟು ವರ್ಷ ಆ ಗಾಡಿಯಲ್ಲಿ ಮೆಣಸಿನಕಾಯಿ ಚೀಲ ಓಡಾಡಿದ್ದವೋ ಏನೋ, ಏಸಿಯ ಬಾಯಿಂದ ತಣ್ಣನೆ ಗಾಳಿಯ ಜೊತೆ ಕೆಂಪು ಧೂಳು ಬಂತು. ಮೊದಲು ನಾದಿನಿ ಸೀನಿದಳು.

"ಒಂದು ಸೀನು! ಅಪಶಕುನ. ಇಳೀರಿ ಎಲ್ಲಾರೂ" ಎಂದರು ಅತ್ತೆ. ಅಷ್ಟರಲ್ಲಿ ನಾನು ಸೀನಿದೆ. "ಎರಡಾತು. ಜೋಡಿ ಸೀನು ಶುಭ. ಕುಂದರ್ರಿ" ಎಂದರು. ಮನೆಯವರು ಸೀನಿದರು. "ಮೂರು! ಇಳೀರಿ" ಎನ್ನುವಾಗ ಅತ್ತೆಗೇ ಸೀನು ಬಂತು. ಹೀಗೆ ನಾವು ಗಾಡಿ ಹತ್ತುವುದು, ಇಳಿಯುವುದು, ಸೀನುವುದು ನಡೆದೇ ಇತ್ತು.

ಮಾಲೀಕರು ಮಾತ್ರ ಒಂದು ಸಲವೂ ಸೀನಲಿಲ್ಲ. "ಬ್ಯಾಡಗಿ ಮೆಣಸಿನಕಾಯಿಗೆ ಖಾರ ಇರೂದಿಲ್ರಿ, ಬರೇ ಬಣ್ಣ" ಎಂದರು.

"ನಿಮಗ್ಯಾಕ ಸೀನು ಬರೂದಿಲ್ರಿ?" ಎಂದು ನಾದಿನಿ ಮೂಗೊರೆಸಿಕೊಳ್ಳುತ್ತ ಕೇಳಿದಳು.

"ನಾ ಕಡೀಕ ಸೀನಿದ್ದು ನನ್ನ ಮದಿವ್ಯಾಗ ನೋಡವಾ" ಎಂದರು ಅವರು.

ಬಣ್ಣದ ಮಾತು ಖರೇ ಇತ್ತು. ಮನೆಯವರು ಸೀಟಿನಿಂದ ಎದ್ದಾಗ ಅವರ ಬಿಳಿ ಪ್ಯಾಂಟಿನ ಹಿಂಭಾಗ ದಸರೆಯ ಆನೆಯ ಹಾಗೆ ಕೆಂಪಗಾಗಿತ್ತು. ಆದರೂ ಒಂದು ಸುತ್ತು ಹೊಡೆದು ನೋಡಿದಾಗ ಎಂಜಿನ್ ಗಟ್ಟಿಮುಟ್ಟಾಗಿತ್ತು, ಏರಿನಲ್ಲಿ ದಮ್ಮು ಕಟ್ಟಲಿಲ್ಲ, ಬ್ರೇಕು ಚೊಲೊ ಹಿಡಿಯುತ್ತಿತ್ತು. ನನ್ನ ಮನಸ್ಸು ಒಪ್ಪಿತು. ಅತ್ತೆ ಬೆರಳು ಮಡಚಿ ಎಣಿಸಿ, "ಒಟ್ಟು ಹದಿನೆಂಟು. ಜೋಡಿ ಕೂಡಿತು. ತಗೊಳ್ರಿ" ಎಂದರು.

ಸರಿಯಾಗಿ ಆಗಲೇ ಮನೆಯವರ ಮೂಗು ಮತ್ತೆ ಅರಳತೊಡಗಿತು. ಅತ್ತೆ ಹಾರಿ ಹೋಗಿ ಸೆರಗಿನಿಂದ ಮಗನ ಮೂಗು ಗಟ್ಟಿಯಾಗಿ ಹಿಡಿದರು.

"ತಡಕೋ! ಕೀಲಿಕೈ ಇನ್ನಾ ಕೈಗೆ ಬಂದಿಲ್ಲ!"

ಹಿಂದಿನ ಗೇಟು

ಹಾವೇರಿಯಲ್ಲಿ ಮನೆಯವರ ಕಡೆಯ ಮದುವೆ. ಗಾಡಿಯನ್ನು ಮೂರು ಸಲ ತೊಳೆಸಿ, ಒಳಗೆ ಸೀಟಿಗೆ ಹೊಸ ಕವರು ಹಾಕಿಸಿ ಹೊರಟೆವು. ಬರುವಾಗ ಹೊಸರಿತ್ತಿಯ ಕಡೆ ಕೊಡಬೇಕಾಗಿದ್ದ ಬದನೆ ಸಸಿಯ ಟ್ರೇಗಳನ್ನೂ ಹಿಂದೆ ಹಾಕಿಕೊಂಡಿದ್ದೆ. ಮನೆಯವರು ಕೋಟು ತೊಟ್ಟಿದ್ದರು.

ಕಲ್ಯಾಣ ಮಂಟಪದ ಗೇಟಿನಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. "ತರಕಾರಿ ಗಾಡಿ ಹಿಂದಿನ ಗೇಟಿಗ್ರಿ."

"ಇದು ತರಕಾರಿ ಗಾಡಿ ಅಲ್ಲಪಾ, ಎಸ್‌ಯುವಿ" ಎಂದರು ಮನೆಯವರು ಕಿಟಕಿಯಿಂದ.

ಅವನು ಒಂದು ಸುತ್ತು ಹಾಕಿ ಹಿಂದೆ ಇಣುಕಿ ಬಂದ. "ಬದನಿಕಾಯಿ ಐತಲ್ರಿ."

"ಕಾಯಿ ಅಲ್ಲ, ಸಸಿ."

"ಹಂಗಾರ ತಡಾ ಆಗೂದಿಲ್ಲೇನ್ರಿ? ಪಂಗ್ತಿ ಈಗಾ ಐತಿ" ಎಂದ ಅವನು. ಹಿಂದೆ ನಾಲ್ಕು ಕಾರು ಹಾರ್ನ್ ಹೊಡೆಯುತ್ತಿದ್ದವು. ವಾದ ಸಾಕೆಂದು ನಾನು ಹಿಂದಿನ ಗೇಟಿಗೆ ತಿರುಗಿಸಿದೆ. ಅದು ನೇರ ಅಡಿಗೆಮನೆಗೆ ಹೋಗುವ ದಾರಿ. ಅಡಿಗೆಯವರು ಅತ್ತೆಯ ವಯಸ್ಸು ನೋಡಿ, "ಕುಂದರ್ರಿ ಅಮ್ಮಾರ" ಎಂದು ಕುರ್ಚಿ ಕೊಟ್ಟು, ಹಂಚಿನ ಮೇಲಿಂದ ಆಗತಾನೆ ಇಳಿದ ಹೋಳಿಗೆಗೆ ತುಪ್ಪ ಸುರಿದು ಕೈಗಿಟ್ಟರು. ನಮಗೂ ಕೊಟ್ಟರು. ಅತ್ತ ಮುಂದಿನ ಗೇಟಿನಿಂದ ಬಂದ ದೊಡ್ಡ ಕಾರಿನವರೆಲ್ಲ ಮೂರನೇ ಪಂಗ್ತಿಯ ಕುರ್ಚಿಗಳ ಹಿಂದೆ ಕಾಯುತ್ತ ನಿಂತಿದ್ದರು.

ಮುಂದಿನ ತಿಂಗಳು ಇನ್ನೊಂದು ಮದುವೆ ಬಂತು. ಅಲ್ಲಿಯ ಕಾವಲುಗಾರ ಮರ್ಯಾದೆಯಿಂದ ಸಲಾಂ ಹೊಡೆದು ಮುಂದಿನ ಗೇಟನ್ನೇ ತೆರೆದ. ಮನೆಯವರ ಎದೆ ಉಬ್ಬಿತು. ಅತ್ತೆ ನನ್ನ ಭುಜ ತಟ್ಟಿದರು: "ಇಂವಗ ಏನೂ ತಿಳಿಯೂದಿಲ್ಲ. ನೀ ಹಿಂದಿನ ಗೇಟಿಗೆ ಹೊಡಿ."

ಐದರ ಬಸ್ಸು

ಕಾಗಿನೆಲೆಗೆ ಹೋಗುವಾಗ ದಾರಿಯ ಒಂದು ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಲ್ಲಿಸಿದೆವು. ಅತ್ತೆಗೆ ಚಹಾ ಬೇಕಾಗಿತ್ತು. ಕುಡಿದು ಹೊರಟೆವು. ಕಾಗಿನೆಲೆಯಲ್ಲಿ ನಿಲ್ಲಿಸಿದಾಗ ಹಿಂದಿನ ತೊಟ್ಟಿಯಿಂದ ಏಳು ಮಂದಿ ಇಳಿದರು. ಒಬ್ಬರು ಕೈಚೀಲ ಇಳಿಸಿಕೊಂಡರು, ಇನ್ನೊಬ್ಬರು ಮೊಮ್ಮಗಳನ್ನು ಎತ್ತಿಕೊಂಡರು. ನಾವು ಚಹಾ ಕುಡಿಯುವಾಗಲೇ ಬಾಡಿಗೆ ಗಾಡಿಯೆಂದು ಹತ್ತಿದ್ದರು. ಅವರಲ್ಲೊಬ್ಬ ಅಜ್ಜ ಕಿಟಕಿಗೆ ಬಂದು, "ತಿರಗಿ ಎಷ್ಟಕ್ಕ ಬಿಡ್ತೀರಿ?" ಎಂದು ಕೇಳಿದ.

ಮನೆಯವರಿಗೆ ದಾಕ್ಷಿಣ್ಯ ಬಹಳ. ಇದು ಬಸ್ಸಲ್ಲ ಎನ್ನಲು ಬಾಯಿ ಬರಲಿಲ್ಲ. "ಐದಕ್ಕ" ಎಂದುಬಿಟ್ಟರು.

ಐದಕ್ಕೆ ಹನ್ನೊಂದು ಮಂದಿ ಇದ್ದರು. ನಾವು ಐದು ನಿಮಿಷ ತಡವಾಗಿ ಬಂದದ್ದಕ್ಕೆ ಅಜ್ಜ ನಮ್ಮನ್ನೇ ಬೈದ.

ಎಳೆಯ ಕೂಸುಗಳು

ಸಸಿ ವಾಪಸು ಕಳಿಸಿದ್ದ ಬ್ಯಾಡಗಿಯ ಆ ರೈತರಿಗೆ ನಾನೇ ಫೋನ್ ಮಾಡಿದೆ. "ಈಗ ನಮ್ಮದಾ ಗಾಡಿ ಐತ್ರಿ. ಇನ್ನೊಂದ ಸಲ ನೋಡ್ರಿ" ಎಂದೆ. ಅವರು, "ಆತು, ತರ್ರಿ. ಬಾಡಿದ್ರ ಮಾತ್ರ ಇಳಸಬ್ಯಾಡ್ರಿ" ಎಂದರು.

ಆ ದಿನವೇ ಬಿಸಿಲು ಹೆಂಚಿನಂತೆ ಕಾದಿತ್ತು. ಹಿಂದಿನ ತೊಟ್ಟಿಯ ತಗಡಿಗೆ ಕೈ ಇಟ್ಟರೆ ಚುರ್ ಎನ್ನುತ್ತಿತ್ತು. ನಾನು ಯೋಚನೆ ಮಾಡಿ, ಸಸಿಗಳನ್ನೆಲ್ಲ ಒಳಗೆ ಸೀಟಿನ ಮೇಲೆ, ಸೀಟಿನ ಕೆಳಗೆ ಜೋಡಿಸಿ ಏಸಿ ಹಾಕಿದೆ. ಜಾಗ ಉಳಿದದ್ದು ನನಗೊಬ್ಬಳಿಗೆ. ಟ್ರೇ ಇಳಿಸಲು ಜೊತೆಗೆ ಬರುತ್ತೇನೆಂದಿದ್ದ ಮನೆಯವರು ಛತ್ರಿ ಬಿಚ್ಚಿಕೊಂಡು ಹಿಂದೆ ಹತ್ತಿ ಕೂತರು.

ರೈಲ್ವೆ ಗೇಟು ಹಾಕಿತ್ತು. ಪಕ್ಕದಲ್ಲಿ ಬಂದು ನಿಂತ ಬೈಕಿನ ಮೇಲೆ ಅವರ ಶಾಲೆಯ ಹೆಡ್ ಮಾಸ್ತರರೇ ಇದ್ದರು.

"ಏನ್ರೀ ಮಾಸ್ತರ, ಈ ಬಿಸಲಾಗ ಹಿಂದ ಕುಂತೀರಲ್ಲ?"

"ಒಳಗ ಎಳೇ ಕೂಸುಗಳು ಅದಾವ್ರಿ ಸರ್" ಎಂದರು ಮನೆಯವರು.

"ಅಯ್ಯ ಪಾಪ! ಎಷ್ಟ್ ಅದಾವು?"

"ಸಾವಿರದಾ ಎಂಟನೂರು."

ಗೇಟು ತೆರೆದರೂ ಹೆಡ್ ಮಾಸ್ತರರ ಬೈಕು ಅಲ್ಲೇ ನಿಂತಿತ್ತು. ಬ್ಯಾಡಗಿಯಲ್ಲಿ ಆ ರೈತರು ಬಾಗಿಲು ತೆರೆದು, ತಣ್ಣಗೆ ನಿಗುರಿ ನಿಂತ ಸಸಿಗಳನ್ನು ನೋಡಿದರು. ಆಮೇಲೆ ಹಿಂದೆ ಬೆವೆತು ಜೋತುಬಿದ್ದ ನಮ್ಮವರನ್ನು ನೋಡಿದರು. "ಸಸಿ ಅಷ್ಟೂ ಇಳಸ್ರಿ ತಂಗಿ. ಮುಂದಿನ ಹಂಗಾಮಕ್ಕೂ ನಿಮ್ಮಾವ ಬೇಕು. ಮಾಸ್ತರ ಬಾಡ್ಯಾರ, ಅವರನ್ನ ವಾಪಸ್ ಒಯ್ರಿ" ಎಂದರು.

ಹುಡುಗಿ ಎಲ್ಲಿ

ನಾದಿನಿಯನ್ನು ನೋಡಲು ಹಾವೇರಿಯಿಂದ ಬೀಗರು ಬರುವವರಿದ್ದರು. ಹುಡುಗ ಅಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ. ಇದಕ್ಕೂ ಮೊದಲು ಎರಡು ಸಂಬಂಧ ಬಂದು ಹೋಗಿದ್ದವು. ಹುಡುಗಿ ಕೆಸರಾಗ ದುಡೀತಾಳ, ಬಾಯಿ ಜೋರು ಎಂಬ ಮಾತು ಯಾರೋ ಹಬ್ಬಿಸಿದ್ದರು. ಅದಕ್ಕೇ ಅತ್ತೆ ಬೆಳಗಿನಿಂದ, "ಇವತ್ತೊಂದ ದಿನ ಕಡಿಮಿ ಮಾತಾಡವಾ" ಎಂದು ಹತ್ತು ಸಲ ಹೇಳಿದ್ದರು.

ಹಿಂದಿನ ದಿನ ಮಳೆ ಹೊಡೆದಿತ್ತು. ನಮ್ಮ ತೋಟದ ದಾರಿ ಎರೆ ಮಣ್ಣಿನದು, ಮಳೆಯಾದರೆ ಜಿಗುಟು ಹಿಟ್ಟು. ಹನ್ನೊಂದಕ್ಕೆ ಹುಡುಗನ ತಂದೆಯ ಫೋನ್ ಬಂತು: "ನಮ್ಮ ಕಾರು ನಿಮ್ಮ ಕ್ರಾಸಿನ್ಯಾಗ ಕೆಸರಾಗ ಹುಗದೈತ್ರಿ. ಯಾರನ್ನರ ಕಳಸ್ರಿ."

ನನ್ನ ಕೈ ಶಿರಾದ ಬೋಗುಣಿಯಲ್ಲಿತ್ತು, ಬಿಟ್ಟರೆ ತಳ ಹತ್ತುತ್ತದೆ. ಮನೆಯವರಿಗೆ ಗಾಡಿ ಬರುವುದಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡುವುದರೊಳಗೆ ನಾದಿನಿ, ತೋಟಕ್ಕೆ ಹಾಕುವ ನನ್ನ ಹಳೆಯ ಅಂಗಿ ಸೀರೆಯ ಮೇಲೆ ಏರಿಸಿ, ತಲೆಗೆ ಮುಖಕ್ಕೆ ಓಡಣಿ ಸುತ್ತಿಕೊಂಡು, ಕೀಲಿಕೈ ತೆಗೆದುಕೊಂಡು ಹೋಗಿಯೇಬಿಟ್ಟಳು. ಗಾಡಿ ಕಲಿತು ಆಗ ಆಕೆಗೆ ಒಂದು ವರ್ಷವಾಗಿತ್ತು.

ಮುಂದಿನದನ್ನು ನಾದಿನಿಯೇ ನಮಗೆ ಆಮೇಲೆ ಹೇಳಿದ್ದು. ಕ್ರಾಸಿನಲ್ಲಿ ಐದು ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಹುಡುಗ ಇಸ್ತ್ರಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಕೆಸರಿಗಿಳಿದು, ಇವಳ ಗಾಡಿಗೆ ಕೈ ಮಾಡಿ ರಿವರ್ಸ್ ತೋರಿಸಿದ: "ಬರ್ಲಿ, ಬರ್ಲಿ, ಬರ್ಲಿ, ಸಾಕ್!" ಅವರಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಇದೇ. ಹಗ್ಗ ಕಟ್ಟಿ ಇವಳು ಒಂದೇ ಜಗ್ಗಿಗೆ ಕಾರನ್ನು ಮೇಲೆ ತಂದಳು. ಆದರೆ ಮುಂದಿನ ದಾರಿ ಆ ಕಾರಿಗೆ ಆಗುವಂಥದ್ದಲ್ಲ. ಹುಡುಗನ ತಂದೆ, ತಾಯಿ, ಸೋದರತ್ತೆ, ಸೋದರಮಾವ ಗಾಡಿಯ ಒಳಗೆ ಕೂತರು. ಹುಡುಗ ತಾನೇ ಹಿಂದಿನ ತೊಟ್ಟಿಗೆ ಹತ್ತಿದ.

ಹುಡುಗನ ತಾಯಿ ಡ್ರೈವರ್ ಪಕ್ಕ. ಸ್ವಲ್ಪ ದೂರ ಬಂದ ಮೇಲೆ ದನಿ ಇಳಿಸಿ ಕೇಳಿದರಂತೆ: "ನೀ ಇವರ ತೋಟದಾಗ ಇರ್ತೀಯೇನವಾ?"

"ಹೌದ್ರಿ."

"ಹಂಗಾರ ಖರೇ ಹೇಳು. ಹುಡುಗಿ ಹೆಂಗದಾಳ?"

"ಚೊಲೊ ಅದಾಳ್ರಿ. ಬಾಯಿ ಸ್ವಲ್ಪ ಜೋರು."

"ಅಡಿಗಿ?"

"ಚಹಾ ಚೊಲೊ ಮಾಡ್ತಾಳ್ರಿ. ರೊಟ್ಟಿ ಮಾತ್ರ ನಕಾಶಿ ಆಗ್ತಾವು."

"ಕೆಸರಾಗ ದುಡೀತಾಳಂತ?"

ನಾದಿನಿ ಗೇರು ಇಳಿಸಿ, ಒಂದು ಹಳ್ಳ ದಾಟಿಸಿ, ಆಮೇಲೆ ಉತ್ತರ ಕೊಟ್ಟಳಂತೆ. "ದುಡೀತಾಳ್ರಿ. ಮದಿವ್ಯಾದ ಮ್ಯಾಲೂ ಬಿಡೂದಿಲ್ಲ ಅಂತಾಳ. ಅದು ಒಪ್ಪಿಗಿ ಇಲ್ದಿದ್ರ ಆಕೀನ್ನ ಕೇಳಾಕ ಹೋಗಬ್ಯಾಡ್ರಿ, ಸುಮ್ನ ಉಪ್ಪಿಟ್ಟು ತಿಂದು ಹೋಗ್ರಿ. ಮುಂಜಾನಿಂದ ಮನಿಯವರು ಬಾಳ ಆಸೆ ಇಟ್ಟಾರ."

ಮನೆಯ ಮುಂದೆ ಎಲ್ಲರನ್ನೂ ಇಳಿಸಿ ಆಕೆ ಗಾಡಿಯನ್ನು ಹಿತ್ತಲಿಗೆ ಒಯ್ದಳಂತೆ.

ಬಂದವರನ್ನು ಕೂಡಿಸಿ ನೀರು ಕೊಟ್ಟೆವು. ಶಿರಾ, ಉಪ್ಪಿಟ್ಟು ಬಂತು. ಅತ್ತೆ ನಡುಕೋಣೆಯಲ್ಲಿ ಕಣ್ಣಿನಲ್ಲೇ, ಎಲ್ಲಿ ಹೋದಳು ಎಂದು ನನ್ನನ್ನು ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ. ಹುಡುಗನ ಸೋದರತ್ತೆ ಪ್ಲೇಟು ಕೆಳಗಿಟ್ಟು, "ಹುಡುಗಿನ್ನ ಕರೀರಲ್ಲ" ಎಂದರು.

ಅದಕ್ಕೆ ಸರಿಯಾಗಿ ಹಿತ್ತಲ ಬಾಗಿಲಿನಿಂದ ನಾದಿನಿ ಬಂದಳು. ಓಡಣಿ, ಅಂಗಿ ತೆಗೆದಿದ್ದಳು. ಸೀರೆಯ ಅಂಚಿಗೆ ಕೆಸರು, ಕೈಯಲ್ಲಿ ಚಹಾದ ಟ್ರೇ. ನಮ್ಮ ಕಡೆಯಿಂದ ಕಳಿಸಿದ್ದ ಫೋಟೋ ಹೇಗಿತ್ತೆಂದರೆ ಅದರಲ್ಲಿ ನಾವೂ ಆಕೆಯ ಗುರುತು ಹಿಡಿಯುವುದು ಕಷ್ಟವಿತ್ತು. ಆದರೆ ದನಿಗೆ ಮೇಕಪ್ಪು ಇರುವುದಿಲ್ಲವಲ್ಲ. "ಚಹಾ ತಗೊಳ್ರಿ" ಎಂದದ್ದೇ ತಡ, ನಾಲ್ವರೂ ಒಮ್ಮೆಲೇ ತಲೆ ಎತ್ತಿದರು. ಸೋದರಮಾವನ ಉಪ್ಪಿಟ್ಟು ಗಂಟಲಲ್ಲೇ ನಿಂತಿತು.

ನಾದಿನಿ ಬಾಗಿಲ ಬಳಿ ಹೋಗಿ ನಿಂತಳು. ಅತ್ತೆಗೆ ಏನಾಗುತ್ತಿದೆ ತಿಳಿಯಲಿಲ್ಲ. ಗಾಡಿಯ ಹಿಂದೆ ಕೂತಿದ್ದ ಹುಡುಗನಿಗೆ ಒಳಗಿನ ಮಾತು ಒಂದೂ ಕೇಳಿರಲಿಲ್ಲ. ಅವನು ಆಕೆಯ ಸೀರೆಯ ಕೆಸರನ್ನೂ ತನ್ನ ಪ್ಯಾಂಟಿನ ಕೆಸರನ್ನೂ ನೋಡಿ ಸುಮ್ಮನೆ ನಗತೊಡಗಿದ.

ಹುಡುಗನ ತಾಯಿ ಒಂದು ಗುಟುಕು ಚಹಾ ಕುಡಿದರು. ಇನ್ನೊಂದು ಗುಟುಕು ಕುಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ ಹೇಳಿದರು:

"ನೋಡ್ರಿ, ನಾವು ಹುಡುಗಿ ಬಗ್ಗೆ ಮನಿಗೆ ಹೋಗಿ ವಿಚಾರ ಮಾಡಿ ಹೇಳ್ತೇವಿ. ಆದ್ರ ಆ ಡ್ರೈವರ್‌ನ ಮಾತ್ರ ಇವತ್ತಾ ಪಕ್ಕಾ ಮಾಡ್ರಿ."